ಎಲ್ಲ ನೋಡಿದ ಅಧ್ಯಕ್ಷರು ಮತ್ತು ಒಂದು ಡಬ್ಬಿ ಕ್ಯಾಮರಾ

ಫೋಟೋ ಸ್ಟುಡಿಯೋ ಇಟ್ಟುಕೊಂಡವನ ಮುಂದೆ ಯಾರೂ ಇದ್ದ ಹಾಗೇ ಬಂದು ನಿಲ್ಲುವುದಿಲ್ಲ, ಹೊಟ್ಟೆಯನ್ನು ಒಳಗೆ ಎಳೆದುಕೊಂಡೇ ಬರುತ್ತಾರೆ. ಎಳೆದುಕೊಂಡ ಹೊಟ್ಟೆಯನ್ನು ಎಲ್ಲೋ ಒಂದು ಕಡೆ ಬಿಡಲೇಬೇಕಲ್ಲ, ಆಗ ನಗುವ ಪ್ರಸಂಗ ಹುಟ್ಟುತ್ತದೆ. ಗದಗಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಸ್ಟುಡಿಯೋ ಇದ್ದಷ್ಟು ಕಾಲ ಇಂಥವಕ್ಕೆ ಬರವಿರಲಿಲ್ಲ. ಎಲ್ಲವನ್ನೂ ಹೇಳುತ್ತ ಕೂತರೆ ನಿಮ್ಮ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ಒಂದೇ ವರ್ಷದವು, ಅದರಲ್ಲೂ ಒಂದೇ ಕ್ಯಾಮರಾದಿಂದ ಆದವು, ಇಷ್ಟನ್ನೇ ಹೇಳುತ್ತೇನೆ.

ಅಟ್ಟದ ಪಂತ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಪೇಟೆಯಲ್ಲಿ ಒಂದು ಸಣ್ಣ ವಾಚನಾಲಯ. ಕೆಳಗೆ ಪತ್ರಿಕೆ ಓದುವ ಬೆಂಚುಗಳು, ಮೇಲೆ ಒಂದು ಅಟ್ಟ. ಆ ಅಟ್ಟದಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು ಪುಕ್ಕಟೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಸಂಜೆ ಬೋರ್ಡು ಬರೆಯುವವರು ಬರುತ್ತಿದ್ದರು, ಬೆಟಗೇರಿಯ ನೇಕಾರರು ಸೀರೆಯ ಅಂಚಿನ ನಕ್ಷೆ ತೆಗೆಯಲು ಬರುತ್ತಿದ್ದರು. ಮಧ್ಯಾಹ್ನ ಮಾತ್ರ ಓಣಿಯ ಹೆಣ್ಣುಮಕ್ಕಳ ಪಾಳಿ. ಅವರು ಕಸೂತಿಯ ಹೊಸ ನಮೂನೆ ಕಲಿಯುತ್ತಿದ್ದರು. ವಾಚನಾಲಯದ ಅಧ್ಯಕ್ಷರ ಹೆಂಡತಿಯೂ ಅವರಲ್ಲಿ ಒಬ್ಬರು. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು, ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಅದು ಅವರ ನಿದ್ದೆಯ ಹೊತ್ತು.

ನಿದ್ದೆ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. “ನಾ ಹಗಲಿ ಮಲಗಾವ ಅಲ್ಲ. ಕಣ್ಣ ಮುಚ್ಚಿ ವಿಚಾರ ಮಾಡ್ತೀನಿ,” ಎನ್ನುತ್ತಿದ್ದರು.

ಅಧ್ಯಕ್ಷರದು ದನಕ್ಕೆ ಹಾಕುವ ಹತ್ತಿಕಾಳು, ಹಿಂಡಿಯ ವ್ಯಾಪಾರ. ವಾಚನಾಲಯದ ಎದುರಿಗೇ ಅಂಗಡಿ, ಅಂಗಡಿಯ ಹಿಂದೆ ಮನೆ. ತಲೆಗೆ ದೊಡ್ಡ ರುಮಾಲು, ಕಣ್ಣಿಗೆ ದಪ್ಪ ಚಷ್ಮಾ, ಬಾಯಲ್ಲಿ ಮೀರಜಿನಿಂದ ಮಾಡಿಸಿ ತಂದ ಹಲ್ಲಿನ ಸೆಟ್ಟು. “ಗದಗ ಅಂದ್ರ ನಾ, ನಾ ಅಂದ್ರ ಗದಗ,” ಎಂಬುದು ಅವರ ದಿನದ ಮಾತು. ಇಷ್ಟು ದೊಡ್ಡ ಮನುಷ್ಯನಿಗೂ ಒಂದು ಚಿಂತೆ ಹತ್ತಿತ್ತು. ಅಂಗಡಿಯ ಮುಂದೆ ಇಟ್ಟ ಹತ್ತಿಕಾಳಿನ ಚೀಲಗಳು ದಿನದಿನಕ್ಕೆ ಇಳಿಯುತ್ತಿದ್ದವು.

“ಕಣ್ಣಿಗೆ ಎಣ್ಣಿ ಬಿಟಗೊಂಡು ಕಾಯ್ತೀನಿ, ಆದ್ರೂ ಕಾಳು ಕಮ್ಮಿ ಆಗ್ತಾವ. ಯಾವನೋ ಬೆರಿಕಿ ಕಳ್ಳ ಅದಾನ,” ಎಂದು ಎಲ್ಲರ ಮುಂದೂ ಹೇಳುತ್ತಿದ್ದರು. ಕೊನೆಗೆ ಒಂದು ದಿನ ಅಟ್ಟ ಹತ್ತಿ ಬಂದು, “ಮಾಸ್ತರ, ಈ ಅಟ್ಟ ಖಾಲಿ ಮಾಡ್ರಿ. ಚೀಲ ಮ್ಯಾಲ ಇಡಸ್ತೀನಿ. ಇಲ್ಲಿಗೆ ಯಾವ ಕಳ್ಳ ಬರ್ತಾನ ನೋಡೋಣು,” ಎಂದರು.

ಮಾಸ್ತರರಿಗೆ ಬೇರೆ ಜಾಗ ಇರಲಿಲ್ಲ. ಅವರ ಮನೆ ಎಂದರೆ ಒಂದೇ ಖೋಲಿ. ಆದರೂ ಅವರು ಬೇಡಿಕೊಳ್ಳುವ ಜಾತಿಯವರಲ್ಲ, ವಾದ ಹೂಡುವ ಜಾತಿಯವರು. “ಚಿತ್ರ ಅಂದ್ರ ಕಣ್ಣು ತೆರಸೋ ವಿದ್ಯಾ. ಈ ಊರು ಮಂದಿಗೆ ಸರಿಯಾಗಿ ಕಾಣವಲ್ದು. ನಿಮಗೂ ಕಾಣವಲ್ದು,” ಎಂದರು.

“ನನಗ? ಹುಟ್ಟಿದ್ದ ಇಲ್ಲೆ, ಬೆಳದದ್ದ ಇಲ್ಲೆ. ಇಲ್ಲಿಂದ ಮುಂಡರಗಿತನಕ ನಾ ನೋಡದಿರೋದು ಏನೂ ಇಲ್ಲ. ಅಂಗೈ ಹುಣ್ಣು ನೋಡಾಕ ಕನ್ನಡಿ ಬೇಕೇನು?”

“ಸುತ್ತಿನ ಊರಾಗ ನೀವು ನೋಡದ್ದನ್ನ ಒಂದು ಚಿತ್ರದಾಗ ತೋರಿಸಿದ್ರ?”

“ಅಟ್ಟ ನಿಮಗ. ತೋರಸದಿದ್ರ ಹತ್ತಿಕಾಳಿಗೆ. ವಾರ್ಷಿಕ ಸಮಾರಂಭದತನಕ ವ್ಯಾಳ್ಯಾ ಕೊಟ್ಟೀನಿ.”

ಮಾಸ್ತರರು ನೆಟ್ಟಗೆ ನನ್ನ ಸ್ಟುಡಿಯೋಕ್ಕೆ ಬಂದರು. ಊರಿನ ಚಿತ್ರ ನಾನೇ ತೆಗೆದುಕೊಡುತ್ತೇನೆ ಎಂದೆ. “ನೀ ತೆಗೆದ್ರ ಎಲ್ಲಾನೂ ಮದುವಿ ಫೋಟೋ ಆಗ್ತಾವ. ಮಂದಿ ಕೈಯಾಗ ಕೊಡು. ಅವರು ದಿನಾ ನೋಡೋ ಊರು ಅವರ ತೆಗೀಲಿ,” ಎಂದರು. ಕಪಾಟಿನಲ್ಲಿ ಒಂದು ಹಳೆಯ ಡಬ್ಬಿ ಕ್ಯಾಮರಾ ಬಿದ್ದಿತ್ತು. ರೀಲು ಹಾಕಿ ಕೊಟ್ಟೆ. ಮನಸ್ಸಿನಲ್ಲಿ ಮಾತ್ರ ಆ ಅಟ್ಟ ಹೋಯಿತು ಅಂತಲೇ ಅಂದುಕೊಂಡಿದ್ದೆ.

ಕುದುರೆಯ ಎರಡು ಕಿವಿ

ಮೊದಲು ಕ್ಯಾಮರಾ ಹೋದದ್ದು ಸ್ಟೇಷನ್ ಮುಂದಿನ ಟಾಂಗಾ ಚಾಚಾನ ಕೈಗೆ. ಎಲ್ಲಿ ನೋಡಬೇಕು, ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟೆ. ಎರಡು ದಿನ ಬಿಟ್ಟು ತಂದುಕೊಟ್ಟ. ತೊಳೆದು ನೋಡಿದರೆ ಎಲ್ಲ ಚಿತ್ರದಲ್ಲೂ ಎಡಕ್ಕೊಂದು ಬಲಕ್ಕೊಂದು ಕುದುರೆಯ ಕಿವಿ, ನಡುವೆ ಗದಗ. ಕಿವಿಗಳ ನಡುವೆ ಬಜಾರ, ಕಿವಿಗಳ ನಡುವೆ ದವಾಖಾನೆ, ಕಿವಿಗಳ ನಡುವೆ ಬೆಟಗೇರಿಗೆ ಹೋಗುವ ರಸ್ತೆ.

“ಚಾಚಾ, ಕಿವಿ ಯಾಕ ತೆಗದಿ? ಸ್ವಲ್ಪ ಮ್ಯಾಲ ಹಿಡೀಬೇಕಿತ್ತು,” ಎಂದೆ.

“ಕಿವಿ ಇಲ್ಲದ ಗದಗ ನಾ ನೋಡೇ ಇಲ್ರಿ. ಒಮ್ಮೆ ಕುದುರಿಗೆ ಆರಾಮ ಇರಲಿಲ್ಲ. ನಡಕೋತ ಬಜಾರಕ್ಕ ಹ್ವಾದೆ. ಖರೇ ಹೇಳ್ತೀನ್ರಿ, ಹಾದಿ ತಪ್ಪಿತು.”

ಮಾಸ್ತರರಿಗೆ ಆನಂದವೋ ಆನಂದ. ಅಧ್ಯಕ್ಷರಿಗೆ ದಿನಾ ಅಂಗಡಿ ತೆರೆಯುವ ಮೊದಲು ನನ್ನ ಸ್ಟುಡಿಯೋಕ್ಕೆ ಬಂದು ಒಂದು ಘಳಿಗೆ ಕೂತು ಅಡಿಕೆ ಹಾಕಿಕೊಳ್ಳುವ ರೂಢಿ. ಅಂದೂ ಬಂದರು. ದಾರಕ್ಕೆ ಒಣಹಾಕಿದ್ದ ಚಿತ್ರಗಳನ್ನು ಮೂಗಿನ ತುದಿಗೆ ಹಿಡಿದು ನೋಡಿದರು. “ಕುದುರಿ ಕಿವಿ. ನೋಡೇನಿ,” ಎಂದರು.

ಒಂದು ಚಿತ್ರದಲ್ಲಿ ಮಾತ್ರ ನಿಂತರು. ಎರಡು ಕಿವಿಗಳ ನಡುವೆ, ಬಜಾರದ ನಟ್ಟನಡುವೆ, ನಮ್ಮ ಪೇಟೆಯ ಬಸವಣ್ಣ ನಿಂತಿತ್ತು. ಬಸವಣ್ಣ ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಗೂಳಿ. ಅದನ್ನು ಯಾರೂ ಕಟ್ಟುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಅದು ಬಂದರೆ ಮಂದಿಯೇ ದಾರಿ ಬಿಡಬೇಕು. ಅಧ್ಯಕ್ಷರ ಕಣ್ಣು ತುಂಬಿ ಬಂತು. “ಹುಲ್ಲು ಹಾಕಾವ್ರಿಲ್ಲ, ಮೇಯಸಾವ್ರಿಲ್ಲ, ಆದ್ರೂ ಹೆಂಗ ಮೈ ತುಂಬೇತಿ ನೋಡ್ರಿ! ದೇವರು ಇಲ್ಲ ಅನ್ನಾವ್ರು ಇದನ್ನ ನೋಡಬೇಕು,” ಎಂದು ಹಸಿ ಚಿತ್ರಕ್ಕೇ ಕೈ ಮುಗಿದು ಅಂಗಡಿಗೆ ಹೋದರು. ಆ ವಾರ ಹತ್ತಿಕಾಳು ಇನ್ನೂ ಒಂದಿಷ್ಟು ಇಳಿಯಿತು.

ಗಟಾರದ ಎರಡು ದಡ

ಆಮೇಲೆ ಕ್ಯಾಮರಾ ಬೆಟಗೇರಿಗೆ ಹೋಯಿತು. ಅಲ್ಲಿ ಅಟ್ಟಕ್ಕೆ ಬರುತ್ತಿದ್ದ ಒಬ್ಬ ನೇಕಾರ ಇದ್ದ. ಅವನಿಗೂ ಪಕ್ಕದ ಮನೆಯವನಿಗೂ ನಡುವೆ ಒಂದು ಗಟಾರ. ಅದು ತುಂಬಿದಾಗಲೆಲ್ಲ ಇವನು “ನಿಂದು” ಎನ್ನುವನು, ಅವನು “ನಿಂದು” ಎನ್ನುವನು. ಇಬ್ಬರ ಅಪ್ಪಂದಿರೂ ಇದೇ ಮಾತು ಆಡಿಕೊಂಡೇ ತೀರಿಹೋಗಿದ್ದರು.

ಕ್ಯಾಮರಾ ಕೈಗೆ ಬಂದದ್ದೇ ನೇಕಾರ ತನ್ನ ಕಟ್ಟೆಯ ಮೇಲೆ ನಿಂತು ಪಕ್ಕದವನ ನೀರು ಗಟಾರಕ್ಕೆ ಬೀಳುವುದನ್ನು ತೆಗೆದ. ಪುರಾವೆ ಇರಲಿ ಅಂತ. ಪಕ್ಕದವನು ಅದನ್ನು ಕಂಡ. “ಊರ ಕ್ಯಾಮರಾ ಅಂದ್ರ ನಂದೂ ಪಾಲೈತಿ,” ಎಂದು ಇಸಿದುಕೊಂಡು ತನ್ನ ಕಟ್ಟೆಯಿಂದ ಇವನ ನೀರು ತೆಗೆದ. ಹೀಗೆ ಇಡೀ ರೀಲು ಒಂದೇ ಗಟಾರಕ್ಕೆ ಮುಗಿಯಿತು.

ಚಿತ್ರ ನೋಡಲು ಇಬ್ಬರೂ ಬಂದರು, ಒಬ್ಬನನ್ನು ಬಿಟ್ಟು ಒಬ್ಬ ಬರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎಲ್ಲ ಚಿತ್ರಗಳೂ ಒಂದೇ ರೀತಿ. ಯಾವುದು ಯಾರ ಕಟ್ಟೆಯಿಂದ ತೆಗೆದದ್ದು ಎಂದು ಅವರಿಗೇ ತಿಳಿಯದು. ಆದರೆ ಅದರಲ್ಲೊಂದು ಬಹಳ ಚಂದ ಬಂದಿತ್ತು. ನೀರಿನ ಮೇಲೆ ಬಿಸಿಲು ಬಿದ್ದು, ಎರಡೂ ಮನೆಯ ನೆರಳು ಒಳಗೆ ಕೂಡಿಕೊಂಡಿದ್ದವು. ಮಾಸ್ತರರು, “ವಾ! ಇದನ್ನ ನಡುವ ತೂಗುಹಾಕೂಣು. ಯಾರದು ಇದು?” ಎಂದರು.

“ನಂದು,” ಎಂದ ನೇಕಾರ.

“ಏನ್ ನಿಂದು? ನಂದು,” ಎಂದ ಪಕ್ಕದವನು.

“ಕಣ್ಣ ಬಿಟ್ಟು ನೋಡಲೇ, ಈ ಗಟಾರ ನಂದು!”

“ನಿಮ್ಮಪ್ಪನ ಆಣಿ ಮಾಡ್ತೀನಿ, ಗಟಾರ ನಂದು!”

ಎರಡು ತಲೆಮಾರು ಯಾರಿಗೂ ಬೇಡವಾಗಿದ್ದ ಗಟಾರಕ್ಕೆ ನನ್ನ ಸ್ಟುಡಿಯೋದಲ್ಲಿ ಒಮ್ಮೆಲೇ ಇಬ್ಬರು ವಾರಸುದಾರರು. ಅಧ್ಯಕ್ಷರು ಅಡಿಕೆ ಕತ್ತರಿಸುತ್ತ ಕೂತಲ್ಲಿಂದಲೇ ಒಂದು ಸಲ ನೋಡಿದರು. “ಬೆಟಗೇರಿ ಗಟಾರ. ದಾಟೇನಿ, ಒಮ್ಮೆ ಬಿದ್ದೇನಿ. ನೋಡೇನಿ,” ಎಂದರು.

ಬೆನ್ನು ತೋರಿಸಿದ ಲಕ್ಷ್ಮೇಶ್ವರ

ಮಾಸ್ತರರ ಶಿಷ್ಯನೊಬ್ಬ ಲಕ್ಷ್ಮೇಶ್ವರದ ಬಜಾರದಲ್ಲಿ ಟೇಲರ್ ಅಂಗಡಿ ಇಟ್ಟಿದ್ದ. ಕೈ ಬಹಳ ಚೊಕ್ಕ, ಆದರೆ ಹೇಳಿದ ದಿನಕ್ಕೆ ಎಂದೂ ಹೊಲಿದುಕೊಟ್ಟವನಲ್ಲ. ಯುಗಾದಿಗೆ ಕೊಟ್ಟ ಬಟ್ಟೆ ದಸರೆಗೆ ಬಂದರೆ ಗಿರಾಕಿಯೇ ದೇವರಿಗೆ ಕಾಯಿ ಒಡೆಸಬೇಕು. ಅವನಿಗೆ ಕ್ಯಾಮರಾ ಕಳಿಸಿದೆವು.

ರೀಲು ಬಂತು. ಲಕ್ಷ್ಮೇಶ್ವರದ ಮಂದಿಯೆಲ್ಲ ಇದ್ದಾರೆ, ಒಬ್ಬನ ಮುಖವೂ ಇಲ್ಲ. ಹೋಟೆಲಿಗೆ ಹೋಗುವವರ ಬೆನ್ನು, ದರ್ಗಾಕ್ಕೆ ಹೋಗುವವರ ಬೆನ್ನು, ಗುಡಿಗೆ ಹೋಗುವವರ ಬೆನ್ನು. ಇಡೀ ಊರು ಸಿಟ್ಟಾಗಿ ಎದ್ದು ನಡೆದಂತೆ ಕಾಣುತ್ತಿತ್ತು. ಮಾಸ್ತರರು ಬಹಳ ಹೊತ್ತು ನೋಡಿ, “ಏನ ವಿಚಾರ ಮಾಡ್ಯಾನ ಹುಡುಗ! ಮನಷ್ಯಾನ ಖರೇ ರೂಪ ಹಿಂದಿಂದನ ತಿಳೀತೈತಿ ಅಂತ ಹೇಳಾಕತ್ತಾನ,” ಎಂದು ನನಗೆ ವಿವರಿಸಿದರು. ನನಗೂ ಹೌದೆನ್ನಿಸಿತು.

ಮುಂದಿನ ವಾರ ಟೇಲರನೇ ಗದಗಿಗೆ ಬಂದ. “ಯಾಕಪಾ, ಬರೇ ಬೆನ್ನು?” ಎಂದು ಕೇಳಿದೆ.

“ಮುಖಾ ತೆಗೀಬೇಕಂದ್ರ ಎದುರಿಗೆ ಹೋಗಬೇಕಲ್ರಿ,” ಎಂದ. “ಎದುರಿಗೆ ಹ್ವಾದ್ರ, ನನ್ನ ಅಂಗಿ ಏನಾತಲೇ ಅಂತಾರ. ಅವರು ದಾಟಿ ಹೋಗೂತನಕ ಕಂಬದ ಹಿಂದ ನಿಂತು ತೆಗದೀನ್ರಿ.”

ಅಧ್ಯಕ್ಷರಿಗೆ ಕಂಬದ ಕಥೆಯೂ ಬೇಕಾಗಿರಲಿಲ್ಲ, ಮಾಸ್ತರರ ಅರ್ಥವೂ ಬೇಕಾಗಿರಲಿಲ್ಲ. “ವಾಚನಾಲಯಕ್ಕ ದೇಣಗಿ ಕೇಳಾಕ ಹ್ವಾದ್ರ ಎಲ್ಲಾರೂ ನನಗ ತೋರಸೋದು ಇದನ್ನ. ಭಾಳ ನೋಡೇನಿ,” ಎಂದರು.

ಶಿರಹಟ್ಟಿಗೆ ಸುಣ್ಣ

ಶಿರಹಟ್ಟಿ ನನ್ನ ಹೆಂಡತಿಯ ತವರು. ನಮ್ಮ ಅತ್ತೆ ಅಲ್ಲಿನ ಒಂದು ಓಣಿಯನ್ನು ಬಾಯಿಂದಲೇ ಆಳುತ್ತಿದ್ದವರು. ಕ್ಯಾಮರಾ ಒಯ್ದು ಕೊಟ್ಟು, “ಏನೂ ಮಾಡಬ್ಯಾಡ್ರಿ, ಓಣಿ ಹೆಂಗೈತಿ ಹಂಗ ತೆಗೀರಿ ಸಾಕು,” ಎಂದು ಹೇಳಿಬಂದೆ. ಅತ್ತೆಗೆ ಹಾಗೆ ಹೇಳಬಾರದಿತ್ತು. ಏನೂ ಮಾಡಬೇಡಿ ಎಂದ ಅಳಿಯನಿಗೇ ಹೋಳಿಗೆ ಊಟ ಹಾಕುವ ಊರು ಅದು.

ಫೋಟೋ ಬರುತ್ತದೆ ಎಂದರೆ ಬೀಗರು ಬಂದ ಹಾಗೆ ಎಂದು ಅವರು ಸಾರಿದರು. ಓಣಿಯ ಅಷ್ಟೂ ಮನೆಗೆ ಸುಣ್ಣ ಬಿತ್ತು. ಕಟ್ಟೆಗಳಿಗೆ ಕೆಮ್ಮಣ್ಣು ಬಿತ್ತು. ಬಾಗಿಲಿಗೆ ತೋರಣ, ಅಂಗಳಕ್ಕೆ ರಂಗೋಲಿ. ಎಮ್ಮೆಗಳ ಮೈ ತೊಳೆದರು. ಆಮೇಲೆ ಗಂಡಸರ ಮೈ ತೊಳೆಸಿದರು. ದಿನಾ ಕಟ್ಟೆಯ ಮೇಲೆ ಕೂತು ಬೀಡಿ ಸೇದುವ ಮುದುಕರನ್ನು ಒಳಗೆ ಕೂಡಿಹಾಕಿ, ಅವರ ಜಾಗದಲ್ಲಿ ಹಿತ್ತಾಳೆಯ ಕೊಡ ಇಟ್ಟು ಫೋಟೋ ತೆಗೆದರು.

ಮಾಸ್ತರರಿಗೆ ಈ ಸಲ ಗೆದ್ದೆ ಅನ್ನಿಸಿತು. ಇಷ್ಟು ಚೊಕ್ಕವಾದ ಓಣಿಯನ್ನು ಅಧ್ಯಕ್ಷರಲ್ಲ, ಓಣಿಯವರೇ ನೋಡಿರಲಿಲ್ಲ. ಆದರೆ ಅಧ್ಯಕ್ಷರು ವ್ಯಾಪಾರದ ಮನುಷ್ಯ. “ಇದು ಶಿರಹಟ್ಟಿ ಅಲ್ಲ. ಶಿರಹಟ್ಟಿ ನಾ ನೋಡೇನಿ. ಇಲ್ಲದ ಊರಿನ ಚಿತ್ರ ಪಂತಕ್ಕ ನಡೆಯೂದಿಲ್ಲ,” ಎಂದು ಒಂದೇ ಮಾತಿಗೆ ಹೊಡೆದುಹಾಕಿದರು.

ಚಿತ್ರದ ಪ್ರತಿ ಒಯ್ದು ಅತ್ತೆಗೆ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು. ನಮ್ಮ ರೀಲು ಕಪ್ಪು ಬಿಳುಪಿನದು ಎಂದು ಹೇಳಲು ನಾನು ಮರೆತಿದ್ದೆ. “ಮಣ್ಣು ತರಾಕ ಎರಡು ಹರದಾರಿ ಹೋಗ್ಯಾರ ಗಂಡಸರು,” ಎಂದರು ಅತ್ತೆ. “ಅಷ್ಟು ಕೆಮ್ಮಣ್ಣು ಸಾರಸೀನಿ, ಎಲ್ಲಾ ಕರೇದ ಮಾಡಿ ತಂದೀಯಲ್ಲೋ ಅಳಿಯಾ!”

ಹೊಳೆಯ ಮುಂದೆ ಕೆರೆ

ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ನನಗೊಬ್ಬ ಕಾಯಂ ಗಿರಾಕಿ ಇದ್ದ. ಒಕ್ಕಲುತನದವ, ತುಂಗಭದ್ರೆಯ ದಂಡೆಗೇ ಅವನ ಹೊಲ. ಹೊಳೆಯ ಚಿತ್ರ ಯಾರ ಹತ್ತಿರವೂ ಇಲ್ಲ, ಅಲ್ಲಿಗೆ ಕೊನೆಯದಾಗಿ ಕಳಿಸೋಣ ಎಂದು ಮಾಸ್ತರರು ಹೇಳಿದರು. ಅವನು ಕ್ಯಾಮರಾ ಒಯ್ಯಲು ಬಂದವನು ನನ್ನ ಸ್ಟುಡಿಯೋದ ಪರದೆಯನ್ನು ನೋಡುತ್ತ ನಿಂತ. ನಮ್ಮ ತಂದೆಯವರ ಕಾಲದ ಪರದೆ ಅದು. ಒಂದು ಕೆರೆ, ಕೆರೆಯಲ್ಲಿ ಜೋಡಿ ಹಂಸ, ದಂಡೆಗೆ ಅಮೃತಶಿಲೆಯ ಮೆಟ್ಟಿಲು. ನಮ್ಮ ಭಾಗದಲ್ಲಿ ಲಗ್ನವಾದವರೆಲ್ಲ ಆ ಮೆಟ್ಟಿಲ ಮುಂದೆ ನಿಂತೇ ಸಂಸಾರ ಸುರು ಮಾಡಿದವರು.

“ಪರದೇನೂ ಕೊಡ್ರಿ, ಜ್ವಾಕಿಲೆ ತಂದುಕೊಡ್ತೀನಿ,” ಎಂದ. ಮನೆಯವರದೊಂದು ಗುಂಪಿನ ಫೋಟೋ ತೆಗೆದುಕೊಳ್ಳುತ್ತಾನೆ ಎಂದುಕೊಂಡು ಸುತ್ತಿ ಕೊಟ್ಟೆ. ಮುಂಡರಗಿಯ ಬಸ್ಸಿನ ಟಪ್ಪಿನ ಮೇಲೆ ಹಂಸಗಳು ಹೋದವು.

ತೊಳೆದ ಚಿತ್ರದಲ್ಲಿ ಹೊಳೆ ಇರಲಿಲ್ಲ. ಹೊಳೆಯ ದಂಡೆಯ ಮೇಲೆ ಅವನ ಇಬ್ಬರು ತಮ್ಮಂದಿರು ಎರಡು ಬಿದಿರು ಹಿಡಿದು ನಿಂತಿದ್ದರು. ಬಿದಿರಿಗೆ ನನ್ನ ಪರದೆ ಕಟ್ಟಿತ್ತು. ಗಾಳಿಗೆ ಪರದೆ ಉಬ್ಬಿ, ತಮ್ಮಂದಿರು ಹಿಂದಕ್ಕೆ ವಾಲಿದ್ದರು. ಪರದೆಯ ಕೆಳಗೆ ಒಂದು ಗೇಣು ಜಾಗದಲ್ಲಿ ಖರೇ ತುಂಗಭದ್ರೆ, ಅದರಲ್ಲಿ ನಿಂತ ಎಮ್ಮೆಯ ನಾಲ್ಕು ಕಾಲು.

“ಹೊಳಿ ಎಲ್ಲೈತೋ?” ಎಂದು ಮಾಸ್ತರರು ಕೂಗಿದರು.

“ಪರದೇ ಹಿಂದ ಐತ್ರಿ.”

“ಹೊಳೀನ ತೆಗಿ ಅಂದಿದ್ದೆನಲ್ಲೋ!”

“ಬರೇ ಹೊಳಿ ಏನ್ ತೆಗೀತೀರಿ? ಅದು ದಿನಾ ಹರೀತೈತಿ. ಅದರಾಗ ಹಂಸ ಎಲ್ಲೆ ಅದಾವ್ರಿ? ಪ್ಯಾಟಿ ಮಂದಿ ನೋಡಿದ್ರ ಹಮ್ಮಿಗಿ ಮರ್ಯಾದಿ ಏನಾಗಬೇಕು?”

ಅಧ್ಯಕ್ಷರು ಈ ಚಿತ್ರವನ್ನು ಪ್ರೀತಿಯಿಂದಲೇ ನೋಡಿದರು. “ಈ ಹಂಸ ನನ್ನ ಲಗ್ನದ ಫೋಟೋದಾಗೂ ಅದಾವ. ನೋಡೇನಿ,” ಎಂದು ಚಿತ್ರವನ್ನು ಮಾಸ್ತರರ ಕೈಗೆ ಕೊಟ್ಟು, “ಸಮಾರಂಭ ಮುಗಿದ ಮರುದಿನ ಹಮಾಲರನ್ನ ಕಳಸ್ತೀನಿ. ಕೀಲಿ ತಯಾರ ಇಟ್ಟಿರ್ರಿ,” ಎಂದರು.

ಮಾಸ್ತರರು ಅಂದು ವಾದ ಹೂಡಲಿಲ್ಲ. ನನಗೆ ಅವರ ಬಗ್ಗೆ ಕೆಡುಕೆನ್ನಿಸಿತು. ವಾದ ಮಾಡದ ಮಾಸ್ತರರನ್ನು ನಾನು ಅದೇ ಮೊದಲು ನೋಡಿದ್ದು.

ಕೊನೆಯ ಚಿತ್ರ

ಅಟ್ಟ ಹೋಗುವ ಸುದ್ದಿ ಮಾಸ್ತರರು ಮಧ್ಯಾಹ್ನದ ಹೆಣ್ಣುಮಕ್ಕಳಿಗೆ ಹೇಳಿದರು. ಆಮೇಲೆ ಅಧ್ಯಕ್ಷರ ಹೆಂಡತಿ ಸೂಜಿಗೆ ದಾರ ಏರಿಸುತ್ತ, “ಊರೆಲ್ಲಾ ತಿರಗ್ಯಾಡಿ ಬಂತು ಕ್ಯಾಮರಾ. ನಮಗ ಯಾಕ ಕೊಡಲಿಲ್ರಿ ಮಾಸ್ತರ?” ಎಂದು ಕೇಳಿದರಂತೆ. ಮಾಸ್ತರರು ಅವತ್ತೇ ನನ್ನಲ್ಲಿಗೆ ಬಂದು ಹೊಸ ರೀಲು ಹಾಕಿಸಿಕೊಂಡು ಹೋದರು.

ಕ್ಯಾಮರಾ ಮನೆಯಿಂದ ಮನೆಗೆ ಕಸೂತಿಯ ಚೀಲದಲ್ಲಿ ತಿರುಗಿ ಹಿಂದಕ್ಕೆ ಬಂತು. ಯಾರು ಯಾವುದು ತೆಗೆದರು ಎಂದು ಯಾರೂ ಹೇಳಲಿಲ್ಲ. ಕತ್ತಲ ಕೋಣೆಯ ಕೆಂಪು ದೀಪದಲ್ಲಿ ನಾನು, ಮಾಸ್ತರರು ಒಂದೊಂದೇ ಚಿತ್ರ ಏಳುವುದನ್ನು ನೋಡುತ್ತ ನಿಂತೆವು. ರೊಟ್ಟಿಯ ಬುಟ್ಟಿ ಬಂತು, ಒಣಹಾಕಿದ ಹಪ್ಪಳ ಬಂತು, ಒಂದು ದಪ್ಪ ಹೆಬ್ಬೆರಳು ಬಂತು. ಕೊನೆಯ ಚಿತ್ರ ನೀರಿನಲ್ಲಿ ಮೆಲ್ಲಗೆ ಎದ್ದಾಗ ಮಾಸ್ತರರು ನನ್ನ ರಟ್ಟೆ ಹಿಡಿದುಕೊಂಡರು.

ಅದರಲ್ಲಿ ಅಧ್ಯಕ್ಷರು ಇದ್ದರು. ಅಂಗಡಿಯ ಗಾದಿಯ ಮೇಲೆ ಅಂಗಾತ ಮಲಗಿದ್ದರು. ತಲೆಗೆ ರುಮಾಲಿಲ್ಲ, ಕಣ್ಣಿಗೆ ಚಷ್ಮಾ ಇಲ್ಲ, ಹಲ್ಲಿನ ಸೆಟ್ಟು ಪಕ್ಕದ ಬಟ್ಟಲಲ್ಲಿತ್ತು. ಬಾಯಿ ತೆರೆದಿತ್ತು. ಮಧ್ಯಾಹ್ನದ ಬಿಸಿಲು ಅಂಗಡಿಯ ಒಳಗೆಲ್ಲ ಬಿದ್ದಿತ್ತು, ಅಧ್ಯಕ್ಷರು ಒಂದಿಷ್ಟೂ ಅಲುಗಾಡಿರಲಿಲ್ಲ. ಡಬ್ಬಿ ಕ್ಯಾಮರಾಕ್ಕೆ ಇಂಥ ಗಿರಾಕಿ ಸಿಗುವುದು ಕಷ್ಟ. ಇನ್ನು ಅವರ ಕಾಲಿನ ಹತ್ತಿರ, ಬಾಯಿ ತೆರೆದ ಹತ್ತಿಕಾಳಿನ ಚೀಲದಲ್ಲಿ ಕೊಂಬಿನವರೆಗೆ ಮುಖ ಹಾಕಿ, ನಮ್ಮ ಬಸವಣ್ಣ ನಿಂತಿತ್ತು.

“ಇದನ್ನೂ ನೋಡೇನಿ ಅಂದ್ರ?” ಎಂದೆ ನಾನು.

“ಹೆಂಗ ಅಂತಾನ? ಅಂದ್ರ ಎಚ್ಚರ ಇದ್ದ ಅಂದಂಗಾತು. ಎಚ್ಚರ ಇದ್ದು ಗೂಳೀನ ಬಿಟ್ಟ ಅಂದಂಗಾತು,” ಎಂದು ಮಾಸ್ತರರು ಲೆಕ್ಕ ಹಾಕಿದರು. ಆದರೂ ಅವರ ದನಿ ಗಟ್ಟಿ ಇರಲಿಲ್ಲ. ಅಧ್ಯಕ್ಷರು ಶಿರಹಟ್ಟಿಯನ್ನೇ ಶಿರಹಟ್ಟಿ ಅಲ್ಲ ಅಂದವರು. ಈ ಚಿತ್ರವನ್ನು ಸಮಾರಂಭದ ದಿನದವರೆಗೆ ಯಾರಿಗೂ ತೋರಿಸಬಾರದೆಂದು ನಾವಿಬ್ಬರೂ ಮಾತಾಡಿಕೊಂಡೆವು.

ಸಮಾರಂಭದ ದಿನ ವಾಚನಾಲಯದಲ್ಲಿ ಕಾಲಿಡಲು ಜಾಗ ಇರಲಿಲ್ಲ. ತಮ್ಮ ತಮ್ಮ ಚಿತ್ರ ನೋಡಲು ಎಲ್ಲ ಊರಿನವರೂ ಬಂದಿದ್ದರು. ಟಾಂಗಾ ಚಾಚಾ ಎಲ್ಲರಿಗೂ ತನ್ನ ಕುದುರೆಯ ಎಡಗಿವಿ ಯಾವುದು, ಬಲಗಿವಿ ಯಾವುದು ಎಂದು ತೋರಿಸುತ್ತಿದ್ದ. ಲಕ್ಷ್ಮೇಶ್ವರದವರು ತಮ್ಮ ತಮ್ಮ ಬೆನ್ನು ಗುರುತು ಹಿಡಿದು ಟೇಲರನನ್ನು ಹುಡುಕುತ್ತಿದ್ದರು, ಅವನು ಬಾಗಿಲ ಹಿಂದೆ ಇದ್ದ. ಅಧ್ಯಕ್ಷರು ಹೊಸ ರುಮಾಲು ಸುತ್ತಿ ಬಂದರು. ಹಿಂದೆ ಹೆಣ್ಣುಮಕ್ಕಳ ಗುಂಪಿನಲ್ಲಿ ಅವರ ಹೆಂಡತಿ ನಿಂತಿದ್ದರು. ಅಟ್ಟದ ಕೀಲಿ ಮಾಸ್ತರರ ಕಿಸೆಯಲ್ಲಿತ್ತು, ಕೈಯೂ ಕಿಸೆಯಲ್ಲೇ ಇತ್ತು.

ಅಧ್ಯಕ್ಷರು ಗೋಡೆಯ ಗುಂಟ ನಡೆದರು. ನೋಡೇನಿ, ನೋಡೇನಿ, ನೋಡೇನಿ. ರೊಟ್ಟಿ ಬುಟ್ಟಿ, ನೋಡೇನಿ. ಹಪ್ಪಳ, ತಿಂದೇನಿ. ಕೊನೆಯ ಚಿತ್ರದ ಮುಂದೆ ಬಂದರು. ಮೂಗು ತಗಲುವಷ್ಟು ಹತ್ತಿರ ಹೋದರು.

“ಇದು ನನ್ನ ಅಂಗಡಿ,” ಎಂದರು.

“ಹೌದ್ರಿ,” ಎಂದರು ಮಾಸ್ತರರು.

“ಇದು ನನ್ನ ಹತ್ತಿಕಾಳು! ಗೂಳಿ ತಿನ್ನಾಕತ್ತೈತಿ!” ಅಧ್ಯಕ್ಷರ ದನಿ ಏರಿತು. “ಅಲ್ರಿ, ಅದು ಇಷ್ಟು ದೊಡ್ಡ ಗೂಳಿ, ಕಾಲ ಬುಡಕ್ಕ ನಿಂತು ತಿನ್ನಾಕತ್ತೈತಿ, ಮಗ್ಗಲಕ ಬಿದ್ದಕೊಂಡಾನಲ್ಲ, ಈ ಬೊಚ್ಚಬಾಯಿ ಮುದುಕ ಯಾರು? ನನ್ನ ಗಾದಿ ಮ್ಯಾಲ ಇವನ್ನ ಮಲಗಿಸಿದವರು ಯಾರು? ಮದಲ ಇವನ್ನ ಕೆಲಸದಿಂದ ತೆಗೀರಿ!”

ಅವರು ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಹೆಣ್ಣುಮಕ್ಕಳ ಗುಂಪಿನಿಂದ ಅವರ ಹೆಂಡತಿ ಸೆರಗು ಹೊದ್ದುಕೊಂಡು ಮುಂದೆ ಬಂದರು.

“ತೆಗಿಯಾಕ ಬರೂದಿಲ್ರಿ,” ಎಂದರು. “ಅವರು ನಮ್ಮ ಮನಿಯವರು.”

ಅಧ್ಯಕ್ಷರ ಕೈ ತಾನಾಗಿಯೇ ರುಮಾಲಿಗೆ ಹೋಯಿತು. ಅಲ್ಲಿಂದ ಚಷ್ಮಾಕ್ಕೆ ಬಂತು. ಆಮೇಲೆ ಬಾಯಿ ಮುಚ್ಚಿಕೊಂಡಿತು. ಮತ್ತೊಮ್ಮೆ ಚಿತ್ರ ನೋಡಿದರು. ತಮ್ಮ ಮುಖವನ್ನು ಚಷ್ಮಾ ಇಲ್ಲದೆ ನೋಡಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ, ಚಷ್ಮಾ ಹಾಕಿಕೊಂಡರೆ ಅದು ಆ ಮುಖವಾಗಿ ಇರುತ್ತಿರಲಿಲ್ಲ. ಆ ಮನುಷ್ಯನನ್ನು ಅವರು ನಿಜವಾಗಿಯೂ ಎಂದೂ ಕಂಡಿರಲಿಲ್ಲ.

“ಯಾರು ತೆಗದದ್ದು ಇದು?”

“ನಾನರಿ. ಗೂಳಿ ತಿಂತೈತಿ ಅಂತ ಬಾಯಿಲೆ ಎಷ್ಟ ಸಲ ಹೇಳೀನಿ, ನೀವು ನಂಬಲಿಲ್ಲ.”

“ಪಂತ ಊರ ಚಿತ್ರದ್ದು,” ಎಂದು ಅಧ್ಯಕ್ಷರು ಕೊನೆಯ ದಾರಿ ಹುಡುಕಿದರು. “ಇದು ಊರಲ್ಲ.”

“ಗದಗ ಅಂದ್ರ ನಾ ಅಂತ ನೀವ ಅಂತಿದ್ರಲ್ಲ,” ಎಂದರು ಹೆಂಡತಿ.

“ನಾ ಮಲಗಿರಲಿಲ್ಲ. ಕಣ್ಣ ಮುಚ್ಚಿ ವಿಚಾರ ಮಾಡಾಕತ್ತಿದ್ದೆ.”

“ಹೌದ್ರಿ. ವಿಚಾರದ ಸಪ್ಪಳಾ ಅಟ್ಟದತನಕ ಕೇಳ್ತಿತ್ತು.”

ಆಗ ಎದ್ದ ನಗೆಗೆ ಎದುರಿನ ಕಟ್ಟೆಯ ಮೇಲೆ ಮಲಗಿದ್ದ ಬಸವಣ್ಣ ಎದ್ದು ನಿಂತಿತು. ಅಧ್ಯಕ್ಷರು ಮಾತಿಗೆ ತಪ್ಪುವವರಲ್ಲ. ಕಿಸೆಯಲ್ಲಿದ್ದ ಮಾಸ್ತರರ ಕೈಯನ್ನು ಹೊರಗಿನಿಂದಲೇ ತಟ್ಟಿ, “ಕೀಲಿ ಅಲ್ಲೇ ಇರಲಿ,” ಎಂದರು. ಇಷ್ಟಕ್ಕೂ ಅವರಿಗೆ ಈಗ ಅಟ್ಟದಿಂದ ಆಗಬೇಕಾದ್ದೇನೂ ಇರಲಿಲ್ಲ. ಕಳ್ಳ ಸಿಕ್ಕಿದ್ದ, ಅವನಿಗೆ ಅವರು ಕೈ ಮುಗಿದೂ ಆಗಿತ್ತು. ಅಂಗಡಿಗೆ ಒಂದು ಅಡ್ಡಗಟ್ಟಿಗೆ ಹಾಕಿಸಿದರು, ಮುಗಿಯಿತು. ಮಾಸ್ತರರು ಆ ಸಂಜೆ ನನ್ನ ಸ್ಟುಡಿಯೋದಲ್ಲಿ ಕೂತು ಚಹಾ ಕುಡಿಯುತ್ತ, ಯಾವ ಕಾರಣವೂ ಇಲ್ಲದೆ ನನ್ನ ಜೊತೆ ವಾದಕ್ಕೆ ಬಿದ್ದರು. ನನಗೆ ಬಹಳ ಸಂತೋಷವಾಯಿತು.

ವಾರದ ಮೇಲೆ ಅಧ್ಯಕ್ಷರು ಒಬ್ಬರೇ ಬಂದರು. ರುಮಾಲು, ಚಷ್ಮಾ, ಹಲ್ಲು ಎಲ್ಲ ಇದ್ದವು. “ಫೋಟೋದವರ, ಕಣ್ಣ ತೆರೆದದ್ದು ಒಂದು ತೆಗೀರಿ. ಆ ಗ್ವಾಡಿಮ್ಯಾಲ ಅದರ ಮಗ್ಗಲಕ ಇರಲಿ,” ಎಂದರು. ಹಂಸಗಳ ಮುಂದೆ ಕೂಡ್ರಿಸಿದೆ. ಜೀವಮಾನದಲ್ಲಿ ತೆರೆಯದಷ್ಟು ದೊಡ್ಡದಾಗಿ ಕಣ್ಣು ತೆರೆದರು. ನಾನು ಫ್ಲ್ಯಾಶ್ ದೀಪ ಹೊಡೆದೆ.

ಮರುದಿನ ಚಿತ್ರ ಕೈಗೆ ಕೊಟ್ಟೆ. ದೀಪದ ಬೆಳಕಿಗೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಅಧ್ಯಕ್ಷರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ತಿರುಗಿ ನನ್ನ ಕೈಗೇ ಕೊಟ್ಟರು.

“ಇವನ್ನ ನೋಡೇನಿ,” ಎಂದರು.